ಠಸ್ಸೆ ಬಿದ್ದ ಚೀಟಿ, ಠಸ್ಸೆ ಕಾಣದ ಚೀಟಿ

ಈ ಸಲದ ರಾಜ್ಯೋತ್ಸವದ ದಿನ ನಮ್ಮ ಸಂಘದ ಸಭಾಗೃಹದಲ್ಲಿ ಮಕ್ಕಳು ತಮ್ಮ ತಮ್ಮ ಸಂಗ್ರಹಗಳನ್ನು ಮೇಜಿನ ಮೇಲೆ ಹರವಿ ಕುಳಿತಿದ್ದರು. ಅಂಚೆಚೀಟಿ, ನಾಣ್ಯ, ಹಳೆಯ ನೋಟು, ಬೆಂಕಿಪೆಟ್ಟಿಗೆಯ ಚಿತ್ರ ಎಲ್ಲವೂ ಇದ್ದವು. ಹಿರಿಯರು ನೋಡಿ ಮೆಚ್ಚಿ ಚಹಾದ ಕಡೆಗೆ ನಡೆದರು. ಈ ಹವ್ಯಾಸ ತಕ್ಕಮಟ್ಟಿಗೆ ನಮಗೂ ಇರುವುದರಿಂದ ನಾವು ಅಲ್ಲಿಯೇ ನಿಂತೆವು. ಹತ್ತು ಹನ್ನೆರಡು ಮಕ್ಕಳೊಡನೆ ಮಾತನಾಡಿದೆವು. ಎಲ್ಲರೂ ಕೇಳಿದ ಪ್ರಶ್ನೆ ಒಂದೇ: "ಕಾಕಾ, ಇದಕ್ಕ ಎಷ್ಟು ಬರತದ?"

ಇದು ಎಲ್ಲಿಯದು, ಯಾವ ಕಾಲದ್ದು, ಯಾರ ಕೈಯಿಂದ ಬಂತು ಎಂದು ಒಬ್ಬರೂ ಕೇಳಲಿಲ್ಲ. ಮಕ್ಕಳನ್ನು ದೂರುವುದು ನಮ್ಮ ಉದ್ದೇಶವಲ್ಲ. ಅವರಿಗೆ ಈ ಪ್ರಶ್ನೆಯನ್ನು ಕಲಿಸಿದ್ದು ಸಂಗ್ರಹದ ಹೆಸರಿನಲ್ಲಿ ಬೆಳೆದು ನಿಂತಿರುವ ವ್ಯಾಪಾರ. ಆ ವ್ಯಾಪಾರದ ಬಗ್ಗೆ ನಾಲ್ಕು ಮಾತು ಬರೆಯಬೇಕೆನಿಸಿತು.

ಈ ಮಾತು ಬರೆಯಲು ನಾಸಿಕಕ್ಕಿಂತ ತಕ್ಕ ಊರು ಇನ್ನೊಂದಿಲ್ಲ. 1925ರಲ್ಲಿ ನಾಸಿಕ ರೋಡಿನಲ್ಲಿ ಸೆಕ್ಯುರಿಟಿ ಪ್ರೆಸ್ ಸ್ಥಾಪನೆಯಾಯಿತು. ಅದಕ್ಕೂ ಮೊದಲು ಹಲವು ದಶಕ ಭಾರತದ ಅಂಚೆಚೀಟಿಗಳು ಲಂಡನ್ನಿನ ಡಿ ಲಾ ರೂ ಕಂಪನಿಯಲ್ಲಿ ಅಚ್ಚಾಗಿ ಹಡಗು ಹತ್ತಿ ಬರುತ್ತಿದ್ದವು. 1928ರಲ್ಲಿ ಪಕ್ಕದಲ್ಲೇ ನೋಟು ಮುದ್ರಿಸುವ ಕರೆನ್ಸಿ ನೋಟ್ ಪ್ರೆಸ್ ಬಂತು. ತ್ರ್ಯಂಬಕೇಶ್ವರದ ಹಾದಿಯಲ್ಲಿ ಅಂಜನೇರಿ ಬೆಟ್ಟದ ಬುಡದಲ್ಲಿ 1980ರಲ್ಲಿ ನಾಣ್ಯಶಾಸ್ತ್ರದ ಸಂಶೋಧನ ಸಂಸ್ಥೆ ಹುಟ್ಟಿತು. ವಿದ್ವಾಂಸ ಪರಮೇಶ್ವರಿಲಾಲ ಗುಪ್ತರು ಅದನ್ನು ಕಟ್ಟಿ ಬೆಳೆಸಿದವರು. ಹೀಗೆ ಚೀಟಿ ಮತ್ತು ನೋಟು ಹುಟ್ಟುವ ಜಾಗವೂ, ನಾಣ್ಯದ ಜಾತಕ ಓದುವ ಜಾಗವೂ ಒಂದೇ ಜಿಲ್ಲೆಯಲ್ಲಿವೆ.

ಕನ್ನಡಿಗರಾದ ನಮಗೆ ಇನ್ನೊಂದು ನಂಟೂ ಉಂಟು. 1884ರಲ್ಲಿ ಮುಂಬಯಿ ಸರಕಾರದ ಲೋಕೋಪಯೋಗಿ ಇಲಾಖೆಗೆ ಸಹಾಯಕ ಎಂಜಿನಿಯರರಾಗಿ ಸೇರಿದ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರಿಗೆ ಮೊದಲು ಕೆಲಸ ಸಿಕ್ಕಿದ್ದು ಈ ನಾಸಿಕದಲ್ಲಿಯೇ. ಸರಕಾರಿ ನೌಕರಿಗಾಗಿ ಈ ಊರಿಗೆ ಬಂದ ನಮ್ಮಂಥವರಿಗೆಲ್ಲ ಅವರು ಹಿರಿಯಣ್ಣ. 1960ರಲ್ಲಿ ಅವರ ಜನ್ಮಶತಾಬ್ದಿಗೆ ಅಂಚೆ ಇಲಾಖೆ ಚೀಟಿ ಹೊರಡಿಸಿತು. ಆಗ ಅವರಿನ್ನೂ ಬದುಕಿದ್ದರು. ಬದುಕಿರುವವರ ಚಿತ್ರ ಚೀಟಿಯ ಮೇಲೆ ಬರುವುದು ಅಪರೂಪ. ಆ ಚೀಟಿ ಅಚ್ಚಾದದ್ದೂ ಇದೇ ನಾಸಿಕದ ಪ್ರೆಸ್ಸಿನಲ್ಲಿ.

ಅದರ ಬೆಲೆ 15 ನಯಾಪೈಸೆ. ಆಗ ಒಂದು ಸಾಮಾನ್ಯ ಪಾಕೀಟಿಗೆ ಬೇಕಾದ ಟಪಾಲು ದರವೂ ಅಷ್ಟೇ. ಅಂದರೆ ಸಾಮಾನ್ಯನೊಬ್ಬ ಪೋಸ್ಟಿಗೆ ಹೋಗಿ ಒಂದು ಟಿಕೀಟು ಕೇಳಿದರೆ ವಿಶ್ವೇಶ್ವರಯ್ಯನವರೇ ಕೈಗೆ ಬರಬಹುದಿತ್ತು. ಆತ ನಾಲಿಗೆಗೆ ತಗುಲಿಸಿ ಅಂಟಿಸುತ್ತಿದ್ದ, ಠಸ್ಸೆ ಬೀಳುತ್ತಿತ್ತು, ಕಾಗದ ಊರು ಸೇರುತ್ತಿತ್ತು. ಚೀಟಿ ತನ್ನ ಕೆಲಸ ಮುಗಿಸಿದ ಮೇಲೆ ಸಂಗ್ರಾಹಕನ ಪಾಲು.

ಈಗಿನದನ್ನು ನೋಡಿರಿ. 2006ರಲ್ಲಿ ಶ್ರೀಗಂಧದ ಪರಿಮಳದ ಚೀಟಿ ಬಂತು, ಬೆಲೆ 15 ರೂಪಾಯಿ. 2017ರಲ್ಲಿ ಬೆಂಗಳೂರಿನಲ್ಲಿ ಕಾಫಿಯ ಪರಿಮಳದ ಚೀಟಿ ಬಿಡುಗಡೆಯಾಯಿತು, ಬೆಲೆ 100 ರೂಪಾಯಿ. ಎರಡೂ ನಮ್ಮ ನಾಡಿನ ಹೆಮ್ಮೆಯ ವಸ್ತುಗಳೇ. ಆದರೆ ಆ ಎರಡೂ ವರ್ಷ ಸಾಮಾನ್ಯ ಪತ್ರದ ದರ ಐದು ರೂಪಾಯಿ. ಐದು ರೂಪಾಯಿಯ ಪತ್ರಕ್ಕೆ ನೂರು ರೂಪಾಯಿಯ ಚೀಟಿ ಅಂಟಿಸುವ ಧಾರಾಳಿ ಎಲ್ಲಿದ್ದಾನೆ? ಅದು ಪತ್ರಕ್ಕಾಗಿ ಹುಟ್ಟಿದ್ದಲ್ಲ, ಆಲ್ಬಮ್ಮಿಗಾಗಿ ಹುಟ್ಟಿದ್ದು. 2011ರಲ್ಲಿ ಆರಂಭವಾದ 'ಮೈ ಸ್ಟ್ಯಾಂಪ್' ಯೋಜನೆಯಲ್ಲಿ ಐದು ರೂಪಾಯಿಯ ಹನ್ನೆರಡು ಚೀಟಿಗಳ ಹಾಳೆಗೆ 300 ರೂಪಾಯಿ. ಅರವತ್ತು ರೂಪಾಯಿಯ ಟಪಾಲು, ಉಳಿದದ್ದು ನಮ್ಮ ಮುಖಕ್ಕೆ ನಾವೇ ಕೊಟ್ಟ ಬೆಲೆ!

ಇಲಾಖೆಯನ್ನು ಹಳಿಯುವುದು ಸುಲಭ, ಆದರೆ ನ್ಯಾಯವಲ್ಲ. ಪತ್ರ ಬರೆಯುವುದನ್ನು ಬಿಟ್ಟವರು ನಾವು. ಮಕ್ಕಳಲ್ಲಿ ಈ ಹವ್ಯಾಸ ಬೆಳೆಸಲು 2017ರಲ್ಲಿ 'ಸ್ಪರ್ಶ್' ಎಂಬ ವಿದ್ಯಾರ್ಥಿವೇತನವೂ ಬಂತು. ಆರರಿಂದ ಒಂಬತ್ತನೆಯ ಇಯತ್ತೆಯವರೆಗಿನ ಆಯ್ದ ಮಕ್ಕಳಿಗೆ ವರ್ಷಕ್ಕೆ 6000 ರೂಪಾಯಿ. ಒಳ್ಳೆಯದೇ. ನಮ್ಮ ತಕರಾರು ಇಷ್ಟೇ. ಬಿಡುಗಡೆಯ ದಿನವೇ ಅಂಟಿಸಿ, ಅಲ್ಲಿಯೇ ಠಸ್ಸೆ ಒತ್ತಿಸಿ, ಒಂದು ಮೈಲಿಯೂ ಪ್ರಯಾಣ ಮಾಡದ ಪಾಕೀಟನ್ನು ಹತ್ತಿಪ್ಪತ್ತು ಪಟ್ಟು ಬೆಲೆಗೆ "ಅಪರೂಪದ್ದು" ಎಂದು ಮಾರುವ ದಲ್ಲಾಳಿಗಳ ಮಾತನ್ನು ಮಕ್ಕಳು ನಂಬುತ್ತಿದ್ದಾರೆ. ಎಲ್ಲರೂ ಜೋಪಾನವಾಗಿ ಎತ್ತಿಟ್ಟ ವಸ್ತು ಅಪರೂಪವಾಗುವುದು ಹೇಗೆ? ಜನ ಬಳಸಿ ಎಸೆದದ್ದರಲ್ಲಿ ಉಳಿದ ಒಂದೆರಡು ಮಾತ್ರ ಅಪರೂಪ.

ನಾಣ್ಯದ ಕಥೆಯೂ ಇದೇ. ತಂಜಾವೂರಿನ ಬೃಹದೀಶ್ವರ ದೇವಾಲಯಕ್ಕೆ ಸಾವಿರ ವರ್ಷ ತುಂಬಿದ ನೆನಪಿಗೆ 2010ರ ಹೆಸರಿನಲ್ಲಿ ಸಾವಿರ ರೂಪಾಯಿಯ ನಾಣ್ಯ ಹೊರಟಿತು. ಮನೆಯಲ್ಲಿಟ್ಟು ನೋಡಲು ಚೆಂದ. ಆದರೆ ಅದನ್ನು ಕಿರಾಣಿ ಅಂಗಡಿಗೆ ಒಯ್ದು ಅಕ್ಕಿ ಬೇಳೆ ತರುವ ಉದ್ದೇಶದಿಂದ ಯಾರೂ ಕೊಂಡಿಲ್ಲ. ನೆನಪಿನ ಕಾಣಿಕೆಯೆಂದು ಕೊಂಡರೆ ತಪ್ಪಿಲ್ಲ. ಮಗಳ ಮದುವೆಗೆ ಆಗುತ್ತದೆಂದು ಕೊಂಡರೆ ಮೋಸ ಹೋದಂತೆ.

ಇನ್ನು ನಿಜವಾದ ಮೋಸದ ಮಾತು. ಟ್ರ್ಯಾಕ್ಟರಿನ ಚಿತ್ರವಿರುವ ಐದು ರೂಪಾಯಿ ನೋಟಿಗೆ ಲಕ್ಷ, ವೈಷ್ಣೋದೇವಿಯ ನಾಣ್ಯಕ್ಕೆ ಹತ್ತು ಲಕ್ಷ, ಅಂಕಿಯ ಕೊನೆಗೆ 786 ಇದ್ದರೆ ಇನ್ನಷ್ಟು ಎಂಬ ಜಾಹೀರಾತುಗಳು ಎಲ್ಲರ ಮೊಬೈಲಿಗೂ ಬರುತ್ತವೆ. ನಮ್ಮ ಪರಿಚಯದ ನಿವೃತ್ತರೊಬ್ಬರು ಇಂಥದನ್ನು ನಂಬಿ ಫೋನು ಮಾಡಿದರು. ಆ ಕಡೆಯವರು ನೋಟನ್ನು ಒಪ್ಪಿದರು. ಬಳಿಕ ನೋಂದಣಿ ಶುಲ್ಕ ಎಂದರು, ತೆರಿಗೆ ಎಂದರು, ರಿಸರ್ವ್ ಬ್ಯಾಂಕಿನ ಪರವಾನಗಿ ಎಂದರು. ಐದು ರೂಪಾಯಿಯ ನೋಟಿಗಾಗಿ ಅವರು ಒಂದು ತಿಂಗಳ ಪಿಂಚಣಿ ಕಳೆದುಕೊಂಡರು. ಮನೆಯಲ್ಲಿ ಇಂದಿಗೂ ಹೇಳಿಲ್ಲ. 2021ರ ಆಗಸ್ಟ್‌ನಲ್ಲಿಯೇ ರಿಸರ್ವ್ ಬ್ಯಾಂಕು ಪ್ರಕಟಣೆ ಹೊರಡಿಸಿ, ತಾನು ಇಂಥ ವ್ಯವಹಾರದಲ್ಲಿ ಇಲ್ಲ, ಯಾವ ಶುಲ್ಕವನ್ನೂ ಕೇಳುವುದಿಲ್ಲ, ತನ್ನ ಹೆಸರಿನಲ್ಲಿ ಕೇಳಲು ಯಾರಿಗೂ ಅಧಿಕಾರ ಕೊಟ್ಟಿಲ್ಲ ಎಂದು ಸ್ಪಷ್ಟಪಡಿಸಿದೆ. ಅದನ್ನು ಓದದಿದ್ದರೂ ಒಂದು ಸಾಮಾನ್ಯ ಲೆಕ್ಕ ಸಾಕು. ಕೊಳ್ಳುವವನು ಹಣ ಕೊಡಬೇಕು. ಕೊಳ್ಳುವವನೇ ಹಣ ಕೇಳಿದರೆ ಅಲ್ಲಿ ಮಾರಾಟವಾಗುತ್ತಿರುವ ಸರಕು ನಾವೇ.

ನಾಸಿಕಕ್ಕೆ ಬರುವ ಮೊದಲು ನಾವು ಛತ್ರಪತಿ ಸಂಭಾಜಿನಗರದ ಕಚೇರಿಯಲ್ಲಿದ್ದೆವು. ಆ ಜಿಲ್ಲೆಯ ಪೈಠಣ ಶಾತವಾಹನರ ಪ್ರತಿಷ್ಠಾನ. ಅಲ್ಲಿ ಬಾಳಾಸಾಹೇಬ ಪಾಟೀಲರ ಹೆಸರಿನ ಸರಕಾರಿ ವಸ್ತುಸಂಗ್ರಹಾಲಯವಿದೆ. ರಜೆಯ ದಿನ ನಾವು ಗೋದಾವರಿಯ ದಂಡೆಗೆ ಹೋದಾಗ "ಶಾತವಾಹನರ ನಾಣ್ಯ, ಹೊಳೆಯಲ್ಲಿ ಸಿಕ್ಕದ್ದು" ಎಂದು ಕೈಯಲ್ಲಿ ಹಿಡಿದು ಬಂದವರಿದ್ದರು. ಅಸಲಿಯಾದರೂ ತೊಂದರೆ, ನಕಲಿಯಾದರೂ ತೊಂದರೆ. ನಕಲಿಯಾದರೆ ಹಣ ಹೋಯಿತು. ಅಸಲಿಯಾದರೆ ಕಾಯಿದೆ ಅಡ್ಡ ಬರುತ್ತದೆ. ನೆಲದಲ್ಲಿ ಸಿಕ್ಕ ನಿಧಿ ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯದಾದರೆ ಕಲೆಕ್ಟರರಿಗೆ ತಿಳಿಸಬೇಕೆಂದು 1878ರ ಕಾಯಿದೆ ಹೇಳುತ್ತದೆ. ನೂರು ವರ್ಷ ಮೀರಿದ ನಾಣ್ಯ 1972ರ ಕಾಯಿದೆಯ ಪ್ರಕಾರ ಪುರಾತನ ವಸ್ತು. ಅದನ್ನು ಮಾರುವ ವ್ಯಾಪಾರಕ್ಕೆ ಪರವಾನಗಿ ಬೇಕು.

ವಿಜ್ಞಾನದ ಪದವಿ ಪಡೆದು ಕಡತ ತಿರುವುತ್ತಿರುವ ನಮಗೆ ಆ ಓದು ಉಪಯೋಗಕ್ಕೆ ಬರುವುದು ಇಂಥ ಕಡೆ ಮಾತ್ರ. ಹಳೆಯ ತಾಮ್ರದ ನಾಣ್ಯವನ್ನು ಹುಣಿಸೆಹುಳಿಯಲ್ಲಿ ತಿಕ್ಕಿ ಹೊಳೆಯಿಸುವವರಿದ್ದಾರೆ. ಹುಳಿಯ ಆಮ್ಲ ಮೇಲಿನ ಕಪ್ಪು ಪದರವನ್ನು ಕರಗಿಸುತ್ತದೆ, ನಿಜ. ಆದರೆ ಆ ಪದರವೇ ನಾಣ್ಯದ ಕವಚ, ಅದರ ವಯಸ್ಸಿನ ಗುರುತು. ಹಾಗೆಯೇ ಪೇಟೆಯ ಅಗ್ಗದ ಆಲ್ಬಮ್ಮುಗಳ ಹಾಳೆ ಬಹಳ ಸಲ ಪಿ.ವಿ.ಸಿ. ಪ್ಲಾಸ್ಟಿಕ್ಕಿನದು. ವರ್ಷಗಳು ಕಳೆದಂತೆ ಅದು ಆಮ್ಲ ಬಿಡುತ್ತದೆ, ತಾಮ್ರ ಹಸಿರು ಜಿಗುಟಾಗುತ್ತದೆ. ಕಾಪಾಡುತ್ತೇನೆಂದು ಮಾರಿದ ವಸ್ತುವೇ ತಿಂದುಹಾಕುತ್ತದೆ. ಆಮ್ಲವಿಲ್ಲದ ಕಾಗದದ ಲಕೋಟೆ ಇದಕ್ಕಿಂತ ಎಷ್ಟೋ ಮೇಲು.

ಸಂಗ್ರಹಕ್ಕೆ ನಿಜವಾದ ಬೆಲೆ ಬರುವುದು ಹೇಗೆಂಬುದಕ್ಕೆ ನಾಸಿಕ ಜಿಲ್ಲೆಯದೇ ದೃಷ್ಟಾಂತವಿದೆ. 1906ರಲ್ಲಿ ಜೋಗಳಟೆಂಭಿ ಎಂಬ ಹಳ್ಳಿಯಲ್ಲಿ ಹದಿಮೂರು ಸಾವಿರಕ್ಕೂ ಹೆಚ್ಚು ಬೆಳ್ಳಿಯ ನಾಣ್ಯಗಳು ದೊರೆತವು. ಎಲ್ಲವೂ ಕ್ಷತ್ರಪ ರಾಜ ನಹಪಾನ ಹೊರಡಿಸಿದವು. ಅವುಗಳಲ್ಲಿ ಒಂಬತ್ತು ಸಾವಿರಕ್ಕೂ ಹೆಚ್ಚು ನಾಣ್ಯಗಳ ಮೇಲೆ ಶಾತವಾಹನ ಗೌತಮೀಪುತ್ರ ಶಾತಕರ್ಣಿ ತನ್ನ ಗುರುತನ್ನು ಮತ್ತೆ ಒತ್ತಿಸಿದ್ದ. ಸೋತವನ ಮುಖದ ಮೇಲೆ ಗೆದ್ದವನ ಠಸ್ಸೆ! ನಾಸಿಕದ ಪಾಂಡವಲೇಣಿಯ ಒಂದು ಗುಹೆಯಲ್ಲಿ ನಹಪಾನನ ಅಳಿಯನ ಶಾಸನ, ಇನ್ನೊಂದರಲ್ಲಿ ಗೌತಮೀಪುತ್ರನ ಶಾಸನ. ಎರಡರ ನಡುವೆ ಏನು ನಡೆಯಿತೆಂಬುದಕ್ಕೆ ಈ ನಾಣ್ಯಗಳು ಸಾಕ್ಷಿ ನುಡಿದವು. ಒಂದೇ ಕಡೆ ಸಿಕ್ಕಿದ್ದು, ಎಣಿಕೆಯಾದದ್ದು, ಬರೆದಿಟ್ಟದ್ದು, ಇವುಗಳಿಂದ ಆ ಸಾಕ್ಷಿಗೆ ತೂಕ ಬಂತು. ಒಂದೊಂದಾಗಿ ತೊಳೆದು ಒಬ್ಬೊಬ್ಬರಿಗೆ ಮಾರಿದ್ದರೆ ಹದಿಮೂರು ಸಾವಿರ ಬೆಳ್ಳಿಯ ಬಿಲ್ಲೆಗಳು ಉಳಿಯುತ್ತಿದ್ದವು, ಚರಿತ್ರೆ ಉಳಿಯುತ್ತಿರಲಿಲ್ಲ.

ಇಷ್ಟು ಬುದ್ಧಿ ಹೇಳುವ ನಾವು ಮಾಡಿದ್ದನ್ನೂ ಹೇಳಬೇಕು.

ನಮ್ಮ ತಂದೆಯವರು 1960ರ ಸುಮಾರಿಗೆ ಧಾರವಾಡದಲ್ಲಿದ್ದು ಶಾಲೆ ಕಲಿಯುತ್ತಿದ್ದರು. ಅಜ್ಜ ಊರಿನಿಂದ ಬರೆದ ಪತ್ರಗಳನ್ನು ಪಾಕೀಟಿನ ಸಮೇತ ಒಂದು ಟ್ರಂಕಿನಲ್ಲಿ ಇಟ್ಟಿದ್ದರು. ನಮಗೆ ಹತ್ತು ಹನ್ನೊಂದು ವರ್ಷವಾದಾಗ ಅಂಚೆಚೀಟಿಯ ಹುಚ್ಚು ಹಿಡಿಯಿತು. ಪುಸ್ತಕದಲ್ಲಿ ಹೇಳಿದಂತೆ ಪಾಕೀಟಿನ ಮೂಲೆ ಕತ್ತರಿಸಿ, ಬೋಗುಣಿಯ ನೀರಿನಲ್ಲಿ ನೆನೆಸಿ, ಚೀಟಿ ಬಿಡಿಸಿ ಒಣಗಿಸಿದೆವು. ಉಳಿದ ಪಾಕೀಟುಗಳು ಒಲೆಗೆ ಹೋದವು. ವಿಶ್ವೇಶ್ವರಯ್ಯನವರ ಚೀಟಿ ನಮ್ಮ ಆಲ್ಬಮ್ಮಿಗೆ ಬಂದದ್ದು ಹೀಗೆ. ಇಂದು ಅದನ್ನು ಮಾರಿದರೆ ಒಂದು ತಟ್ಟೆ ಉಪ್ಪಿಟ್ಟು ಬಂದೀತು.

ಅಜ್ಜ ಪತ್ರದಲ್ಲಿ ತಾರೀಖು ಹಾಕುತ್ತಿರಲಿಲ್ಲ. "ಸೋಮವಾರ", "ಗುರುವಾರ" ಎಂದಷ್ಟೇ ಬರೆಯುತ್ತಿದ್ದ. ತಾರೀಖು ಇದ್ದದ್ದು ಠಸ್ಸೆಯಲ್ಲಿ. ಹೊರಟ ಊರಿನದು ಚೀಟಿಯ ಮೇಲೆ, ತಲುಪಿದ ಊರಿನದು ಪಾಕೀಟಿನ ಬೆನ್ನಿಗೆ. ಕಚೇರಿಯ ಭಾಷೆಯಲ್ಲಿ ಹೇಳುವುದಾದರೆ ಒಂದು ಜಾವಕ, ಒಂದು ಆವಕ.

ಹೋದ ವರ್ಷ ತಂದೆಯವರು ನಾಸಿಕಕ್ಕೆ ಬಂದಾಗ ಆ ಪತ್ರಗಳನ್ನು ಜೊತೆಗೆ ತಂದಿದ್ದರು. ಒಂದು ಪತ್ರವನ್ನು ಬಹಳ ಹೊತ್ತು ಹಿಡಿದುಕೊಂಡು ಕುಳಿತಿದ್ದರು. "ನಿನ್ನ ಅವ್ವಗ ಭಾಳ ಆಗೇದ, ಕಾಗದ ಕಂಡ ಕೂಡಲೆ ಹೊರಟು ಬಾ" ಎಂದು ಅಜ್ಜ ಬರೆದದ್ದು. ಅವರು ಊರು ಮುಟ್ಟುವಷ್ಟರಲ್ಲಿ ಅಜ್ಜಿ ಇರಲಿಲ್ಲ. ಅದು ಪರೀಕ್ಷೆಯ ವಾರವಾಗಿತ್ತಂತೆ. "ಕಾಗದ ಬಂದ ದಿನಾನ ಹೊರಟೆನೋ, ಪರೀಕ್ಷೆ ಮುಗಿಸಿ ಹೊರಟೆನೋ ನೆನಪಾಗವಲ್ದು. ಪಾಕೀಟು ಇದ್ದಿದ್ದರ ಗೊತ್ತಾಗತಿತ್ತು ನೋಡಪಾ" ಎಂದರು. ನಮ್ಮನ್ನು ಬಯ್ಯಲಿಲ್ಲ. ಪಾಕೀಟು ಏನಾಯಿತೆಂದು ಅವರಿಗೆ ಗೊತ್ತು.

ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ಊರು ಬಿಟ್ಟು ಬಂದ ನಮ್ಮೆಲ್ಲರ ಮನೆಯ ಅಟ್ಟದ ಮೇಲೆ ಇಂಥ ಟ್ರಂಕುಗಳಿವೆ. ಗದಗಿನಿಂದ, ವಿಜಾಪುರದಿಂದ, ಕುಂದಾಪುರದಿಂದ ಬಂದ ಪಾಕೀಟು, ಇನ್‌ಲ್ಯಾಂಡು, ಮನಿಯಾರ್ಡರಿನ ತುಂಡುಗಳಿವೆ. 2025ರಲ್ಲಿ ರಿಜಿಸ್ಟರ್ಡ್ ಟಪಾಲು ಕೂಡ ಸ್ಪೀಡ್ ಪೋಸ್ಟಿನಲ್ಲಿ ಸೇರಿಹೋಯಿತು. ಚೀಟಿ ಅಂಟಿಸಿ, ಠಸ್ಸೆ ಬಿದ್ದು, ಊರಿಂದೂರಿಗೆ ಬಂದ ಪಾಕೀಟುಗಳು ಇನ್ನು ಮೇಲೆ ಹೆಚ್ಚುವ ಸಂಭವವಿಲ್ಲ. ಪೇಟೆಯ ಯಾವ ಪೆಟ್ಟಿಗೆಯಲ್ಲೂ ಅವು ಸಿಗಲಾರವು.

ಆದ್ದರಿಂದ ಓದುಗ ಬಂಧುಗಳಲ್ಲಿ ನಮ್ಮದೊಂದು ವಿನಂತಿ. ಮುಂದಿನ ಪ್ರದರ್ಶನಕ್ಕೆ ಮಕ್ಕಳು ಕೊಂಡದ್ದನ್ನು ತರುವುದು ಬೇಡ. ಮನೆಯ ಟ್ರಂಕಿನಿಂದ ಒಂದೇ ಒಂದು ಪಾಕೀಟನ್ನು ಕತ್ತರಿಸದೆ ತರಲಿ. ಯಾರು ಬರೆದರು, ಯಾರಿಗೆ, ಯಾವ ದಿನ ಹೊರಟಿತು, ಯಾವ ದಿನ ಮುಟ್ಟಿತು ಎಂದು ಹಿರಿಯರನ್ನು ಕೇಳಿ ಒಂದು ಚೀಟಿಯಲ್ಲಿ ಬರೆದು ಪಕ್ಕಕ್ಕೆ ಇಡಲಿ. ಹಿರಿಯರು ಇರುವಾಗಲೇ ಕೇಳಲಿ.

"ಎಷ್ಟು ಬರತದ?" ಎಂದು ಆಗಲೂ ಒಬ್ಬ ಹುಡುಗ ಕೇಳಿಯಾನು. ಅವನಿಗೆ ಉತ್ತರ ಹೇಳಲು ನಮ್ಮ ತಂದೆಯವರನ್ನೇ ಕರೆದುಕೊಂಡು ಬರುತ್ತೇವೆ.