ಆತಕೂರಿನ ಕಲ್ಲು ಉಳಿಯಿತು, ಪೂಜೆ?

ಆತಕೂರು ಶಾಸನವನ್ನು ನಾವು ಓದುವುದು ಬಹುಮಟ್ಟಿಗೆ ತಕ್ಕೋಲದ ಯುದ್ಧಕ್ಕಾಗಿ. ರಾಷ್ಟ್ರಕೂಟ ಮೂರನೆಯ ಕೃಷ್ಣನ ಪರ ನಿಂತ ಗಂಗರ ಇಮ್ಮಡಿ ಬೂತುಗ ಚೋಳ ರಾಜಾದಿತ್ಯನನ್ನು ಕೊಂದ ಸಂಗತಿ ಇದರಲ್ಲಿದೆ. ಕಾಲ ಶಕ 872, ಅಂದರೆ ಕ್ರಿ.ಶ. 949-50. ಇನ್ನು ನಾಯಿಯ ಕಥೆ ಎಲ್ಲರಿಗೂ ಗೊತ್ತಿರೋದೇ: ಬೂತುಗ ಮೆಚ್ಚಿ ಏನು ಬೇಕು ಅಂತ ಕೇಳಿದಾಗ ಮಣಲೆರ ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಅದು ಹಂದಿಯ ಮೇಲೆ ಬಿದ್ದು, ಎರಡೂ ಸತ್ತವು. ನಾಯಿಯ ನೆನಪಿಗೆ ದೇವಾಲಯದ ಮುಂದೆ ಕಲ್ಲು ನಿಲ್ಲಿಸಿ ಭೂಮಿ ಬಿಟ್ಟರು.

ನನ್ನ ತಕರಾರು ಇರೋದು ಇದಾದ ಮೇಲೆ ಬರುವ ಮಾತಿನ ಬಗ್ಗೆ. ಆ ಸ್ಥಾನವನ್ನು ನೋಡಿಕೊಳ್ಳುವ ಗೊರವ ಈ ಕಲ್ಲನ್ನು ಪೂಜಿಸದೆ ಉಂಡರೆ ನಾಯಿ ಮಾಡಿದ ಪಾಪ ಅವನಿಗೆ ತಟ್ಟುತ್ತದೆ ಎಂದು ಶಾಸನ ಹೇಳುತ್ತದೆ. ಇದನ್ನು ಶಾಪಾಶಯ ಅಂತ ಗುರುತು ಹಾಕಿ ಮುಂದೆ ಹೋಗುವುದು ನಮ್ಮ ರೂಢಿ. ಆದರೆ ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪ ಎಂಬ ಸಿದ್ಧವಾಕ್ಯದ ಜಾತಿಗೆ ಇದು ಸೇರೋದಿಲ್ಲ. ಅಲ್ಲಿ ದತ್ತಿಗೆ ಕೈಹಾಕಬೇಡ ಅನ್ನುವ ಬೆದರಿಕೆ ಇದೆ. ಇಲ್ಲಿ ಒಬ್ಬ ಮನುಷ್ಯ ಊಟಕ್ಕೆ ಮುಂಚೆ ಮಾಡಬೇಕಾದ ಕೆಲಸವಿದೆ. ಒಂದು ಆಚರಣೆ ಹೇಗೆ ನಡೆಯಬೇಕು, ಯಾರು ನಡೆಸಬೇಕು, ಅದರ ಖರ್ಚಿಗೆ ಎಲ್ಲಿಂದ, ಎಲ್ಲವೂ ಒಂದೇ ಕಲ್ಲಿನಲ್ಲಿ! (ಗೊರವ ಎಂಬ ಮಾತು ಮೈಲಾರಲಿಂಗನ ಭಕ್ತರಲ್ಲಿ ಇಂದಿಗೂ ಬದುಕಿದೆ. ಹಾಗಂತ ಇವರೇ ಅವರ ವಂಶ ಎನ್ನುವುದು ಅವಸರದ ಮಾತಾದೀತು.)

ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ತಂದದ್ದು ತಪ್ಪು ಅಂತ ನಾನು ಹೇಳೋದಿಲ್ಲ. ಎಣ್ಣೆ, ಅರಿಶಿನ, ಸುಣ್ಣ ಮೆತ್ತಿಸಿಕೊಂಡು ಅಕ್ಷರ ಮುಚ್ಚಿಹೋದ ಕಲ್ಲುಗಳನ್ನು ಕ್ಷೇತ್ರಕಾರ್ಯ ಮಾಡಿದವರೆಲ್ಲ ನೋಡಿದ್ದಾರೆ. ಪೂಜೆ ಕಲ್ಲನ್ನು ಕಾಯುತ್ತದೆ, ಅಕ್ಷರವನ್ನು ಸವೆಸುತ್ತದೆ. ಈ ಬಿಕ್ಕಟ್ಟಿಗೆ ಸುಲಭದ ಉತ್ತರ ನನ್ನ ಹತ್ತಿರ ಇಲ್ಲ. ಆದರೆ ಕಲ್ಲನ್ನು ಎತ್ತುವಾಗ ಅದರ ಸುತ್ತ ಇದ್ದದ್ದನ್ನು ಬರೆದಿಟ್ಟುಕೊಳ್ಳುವುದಕ್ಕೆ ಯಾರೂ ಅಡ್ಡ ಬರುವುದಿಲ್ಲವಲ್ಲ?

ಅಮೂರ್ತ ಪರಂಪರೆಯ ಬಗ್ಗೆ ಯುನೆಸ್ಕೋದ 2003ರ ಒಡಂಬಡಿಕೆಯನ್ನು ಭಾರತ 2005ರಲ್ಲಿ ಒಪ್ಪಿಕೊಂಡಿತು. ಆಚರಣೆ, ಅರಿವು, ಕೌಶಲಗಳ ಜೊತೆಗೆ ಅವಕ್ಕೆ ಅಂಟಿಕೊಂಡ ವಸ್ತು ಮತ್ತು ಸ್ಥಳಗಳೂ ಅದರ ವ್ಯಾಖ್ಯೆಯಲ್ಲಿ ಸೇರಿವೆ. ಕುಣಿತ, ಹಾಡು, ಹಬ್ಬ ಎಂದರೆ ಈ ಮಾತು ತಕ್ಷಣ ನೆನಪಾಗುತ್ತದೆ. ವೀರಗಲ್ಲು ಎಂದರೆ ಆಗುವುದಿಲ್ಲ. ಅದು 'ಮೂರ್ತ'ದ ಕಡತಕ್ಕೆ ಹೋಗಿಬಿಡುತ್ತದೆ. ಎಪಿಗ್ರಾಫಿಯ ಕರ್ನಾಟಿಕದ ಮೊದಲ ಸಂಪುಟ 1886ರಲ್ಲಿ ಬಂತು. ಶಾಸನದ ತಲೆಬರಹದಲ್ಲಿ ಊರು, ಗುಡಿ, ಕಲ್ಲು ನಿಂತ ದಿಕ್ಕು ಕೊಡುವ ಕ್ರಮವನ್ನು ಆ ಮಾಲೆ ನಮಗೆ ಕಲಿಸಿತು. ದೊಡ್ಡ ಉಪಕಾರವೇ. ಆದರೆ ಆ ಕಲ್ಲನ್ನು ಊರವರು ಏನೆಂದು ಕರೀತಾರೆ, ಯಾವ ದಿನ ತೊಳೀತಾರೆ, ಯಾವ ಮನೆಯವರು ಎಡೆ ಇಡ್ತಾರೆ ಅನ್ನುವುದಕ್ಕೆ ಆ ತಲೆಬರಹದಲ್ಲಿ ಜಾಗವಿರಲಿಲ್ಲ. ಇವತ್ತು ತ್ರಿಮಿತಿ ಸ್ಕ್ಯಾನ್ ಮಾಡಿ ಅಕ್ಷರದ ಆಳವನ್ನೂ ಅಳೆಯುತ್ತೇವೆ, ತಲೆಬರಹ ಮಾತ್ರ ಹೆಚ್ಚು ಕಡಿಮೆ ಅದೇ.

ಇನ್ನು ಮುಂದೆ ಹೊಸ ಶಾಸನ ಪ್ರಕಟಿಸುವಾಗ ಪಾಠದ ಕೆಳಗೆ ನಾಲ್ಕು ಸಾಲು ಇದಕ್ಕೆ ಮೀಸಲಿಡೋಣ. ಏನೂ ನಡೆಯುತ್ತಿಲ್ಲ ಎಂದಾದರೆ ಅದನ್ನೇ ಬರೆಯೋಣ, ಕೇಳಿದ ತಾರೀಖಿನ ಸಮೇತ.