ಬಣ್ಣದ ಕೆಳಗಿನ ಕಾರು

ಚೆರ್ಕಳದಿಂದ ಜಾಲ್ಸೂರಿಗೆ ಹೋಗುವ ರಸ್ತೆಯಲ್ಲಿ ಮುಳ್ಳೇರಿಯ ಸಿಗುತ್ತದೆ. ಅಲ್ಲಿಂದ ಒಳಗೆ ಹೊರಳಿದರೆ ಕಾರಡ್ಕದ ಅಡಿಕೆ ತೋಟಗಳು. ಈ ಭಾಗದ ಹಳೆ ಮನೆಗಳ ಕೊಟ್ಟಿಗೆಯಲ್ಲಿ ಸೋಗೆ, ಗೋಣಿಚೀಲ, ಮುರಿದ ಏಣಿಗಳ ಹಿಂದೆ ಒಮ್ಮೊಮ್ಮೆ ಒಂದು ಫಿಯೆಟ್ ಅಥವಾ ಅಂಬಾಸಿಡರ್ ನಿಂತಿರುವುದುಂಟು. ಅಜ್ಜ ಕೊಂಡದ್ದು, ಅಪ್ಪ ಓಡಿಸಿದ್ದು, ಮಗ ಮುಟ್ಟದೆ ಬಿಟ್ಟದ್ದು. ಈಗ ಮೊಮ್ಮಗ ಸ್ಪಾನರ್ ಹಿಡಿದು ಅದರ ಮುಂದೆ ಕೂತಿದ್ದಾನೆ. ಈ ಹವ್ಯಾಸ ನನಗೆ ತುಂಬ ಇಷ್ಟ. ಹಾಗಾಗಿಯೇ ಅದನ್ನು ಸ್ವಲ್ಪ ಕಟುವಾಗಿ ನೋಡಬೇಕು ಅನಿಸುತ್ತದೆ.

ಮನೆಯಲ್ಲಿ ರಿಪೇರಿಯಾದ ಹಳೆ ಕಾರು ನೋಡಲು ಕರೆದರೆ ನಾನು ಮೊದಲು ನೆಲಕ್ಕೆ ಮಂಡಿಯೂರುತ್ತೇನೆ. ಬಾಗಿಲುಗಳ ಕೆಳಗೆ ಉದ್ದಕ್ಕೆ ಹೋಗುವ ಪಟ್ಟಿಯನ್ನು ಬೆರಳ ಗೆಣ್ಣಿನಿಂದ ಬಡಿಯುತ್ತೇನೆ. ತಗಡಿದ್ದರೆ ಟಣ್ ಎನ್ನುತ್ತದೆ, ಪುಟ್ಟಿ ತುಂಬಿದ್ದರೆ ದಬ್ ಎನ್ನುತ್ತದೆ. ಅನುಮಾನ ಉಳಿದರೆ ಬಟ್ಟೆ ಸುತ್ತಿದ ಸಣ್ಣ ಅಯಸ್ಕಾಂತ ಸಾಕು. ಕಬ್ಬಿಣ ಇದ್ದಲ್ಲಿ ಅಂಟುತ್ತದೆ, ಪುಟ್ಟಿ ಇದ್ದಲ್ಲಿ ಜಾರುತ್ತದೆ. ಕನ್ನಡಿಯಂತೆ ಹೊಳೆಯುವ ಎಷ್ಟೋ ಕಾರುಗಳಲ್ಲಿ ಅದು ಜಾರಿದ್ದನ್ನು ನೋಡಿದ್ದೇನೆ. ಆ ಕಾರುಗಳಿಗೆ ಎರಡು ಮಳೆಗಾಲದ ಆಯುಸ್ಸು, ಅಷ್ಟೇ.

ನಮ್ಮ ಊರಿನ ಕಾರು ತುಕ್ಕು ಹಿಡಿಯುವ ರೀತಿಯೇ ಬೇರೆ. ವರ್ಷಕ್ಕೆ 3,000 ಮಿಲಿಮೀಟರಿಗೂ ಮೀರಿ ಸುರಿಯುವ ಮಳೆ, ಜೊತೆಗೆ ಮುರಕಲ್ಲಿನ ಕೆಂಪು ಮಣ್ಣು. ಚಕ್ರದಿಂದ ಸಿಡಿದ ಈ ಮಣ್ಣು ಮಡ್‌ಗಾರ್ಡಿನ ಒಳಮೂಲೆಗಳಲ್ಲಿ ಕೂತು ಗಟ್ಟಿಯಾಗುತ್ತದೆ, ಒದ್ದೆ ಬಟ್ಟೆಯ ಹಾಗೆ ನೀರು ಹಿಡಿದಿಟ್ಟುಕೊಳ್ಳುತ್ತದೆ. ಬಾಗಿಲಿನ ತಳದಲ್ಲಿ ನೀರು ಬಸಿಯಲೆಂದು ಕಂಪೆನಿಯವರೇ ಇಟ್ಟ ಸಣ್ಣ ತೂತುಗಳನ್ನೂ ಅದು ಮುಚ್ಚಿಬಿಡುತ್ತದೆ. ಆಟಿ ತಿಂಗಳು ಕಳೆಯುವ ಹೊತ್ತಿಗೆ ತಗಡು ಒಳಗಿನಿಂದ ಉಬ್ಬಿರುತ್ತದೆ. ಬಣ್ಣದ ಮೇಲೆ ಗುಳ್ಳೆ ಕಂಡ ದಿನ ರೋಗ ಶುರುವಾದದ್ದಲ್ಲ, ಅದು ಮುಕ್ಕಾಲು ದಾರಿ ನಡೆದಾಗಿರುತ್ತದೆ. ಗುಳ್ಳೆಯನ್ನು ಉಜ್ಜಿ, ಪುಟ್ಟಿ ಮೆತ್ತಿ, ಪೈಂಟ್ ಹೊಡೆಸುವುದೆಂದರೆ ಹುಣ್ಣಿನ ಮೇಲೆ ಗಂಧ ಹಚ್ಚಿದ ಹಾಗೆ.

ಫಿಯೆಟ್ ವಿಷಯದಲ್ಲಿ ಇದು ಇನ್ನೂ ಗಂಭೀರ. ಮುಂಬಯಿಯ ಕುರ್ಲಾದಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ 1964ರಿಂದ ತಯಾರಿಸಿದ ಫಿಯೆಟ್ 1100 ಡಿಲೈಟ್‌ಗೆ 1974ರಲ್ಲಿ ಪದ್ಮಿನಿ ಎಂಬ ಹೆಸರು ಬಂತು. 1,089 ಸಿ.ಸಿ. ಎಂಜಿನ್, ಸ್ಟೇರಿಂಗ್ ಪಕ್ಕದಲ್ಲೇ ಗೇರು. ಇದಕ್ಕೆ ಜೀಪಿನ ಹಾಗೆ ಬೇರೆ ಚಾಸಿ ಇಲ್ಲ, ಬಾಡಿಯೇ ಬೆನ್ನೆಲುಬು. ಬಾಗಿಲ ಕೆಳಗಿನ ಆ ಪಟ್ಟಿ ಅಲಂಕಾರಕ್ಕೆ ಇರುವುದಲ್ಲ, ಕಾರಿನ ಭಾರ ಹೊರುವ ತೊಲೆ ಅದು. ಕೊಳೆತ ಪಟ್ಟಿಯನ್ನು ಕತ್ತರಿಸುವ ಮೊದಲು ಬಾಗಿಲಿನ ಕಂಡಿಗೆ ಅಡ್ಡಲಾಗಿ ಕಬ್ಬಿಣದ ಕೊಳವೆ ವೆಲ್ಡ್ ಮಾಡಿ ನಿಲ್ಲಿಸದಿದ್ದರೆ ಇಡೀ ಕಾರು ನಡುವಿನಲ್ಲಿ ಬಾಗಿಬಿಡುತ್ತದೆ. ಆಮೇಲೆ ಹೊಸ ತಗಡು ಹಾಕಿದರೂ ಬಾಗಿಲು ಸರಿಯಾಗಿ ಮುಚ್ಚುವುದಿಲ್ಲ. ನನ್ನದೇ ಮೊದಲ ಪ್ರಯತ್ನದಲ್ಲಿ ಹೀಗಾಯಿತು. ಹಿಂಬಾಗಿಲಿನ ಮೇಲ್ತುದಿಯಲ್ಲಿ ಎರಡು ಬೆರಳು ತೂರುವಷ್ಟು ಸಂದು ಉಳಿಯಿತು. ಕಾರಿನ ತೂಕವನ್ನು ಮರದ ದಿಮ್ಮಿಗಳ ಮೇಲೆ ಸಮವಾಗಿ ಕೂರಿಸಿ, ಹಾಕಿದ್ದ ವೆಲ್ಡಿಂಗನ್ನೆಲ್ಲ ಕತ್ತರಿಸಿ ಮತ್ತೆ ಮಾಡಬೇಕಾಯಿತು. ಇಡೀ ಒಂದು ಬೇಸಿಗೆ ಅದಕ್ಕೇ ಹೋಯಿತು. ಆ ಬೇಸಿಗೆಯಲ್ಲಿ ಕಲಿತಷ್ಟನ್ನು ಬೇರೆಲ್ಲೂ ಕಲಿತಿಲ್ಲ.

ಚೆನ್ನಾಗಿ ಮಾಡಿದ ಒಂದು ಕೆಲಸವನ್ನೂ ಹೇಳಬೇಕು. ನಮ್ಮ ಪರಿಚಯದ ಒಬ್ಬರು ಅಂಗಳದ ಮೂಲೆಗೆ ಶೀಟ್ ಹಾಕಿಸಿ ತಮ್ಮ ಹಳೆ ಕಾರಿಗಾಗಿ ಒಬ್ಬರೇ ದುಡಿದರು. ಜಾಮ್ ಆಗಿದ್ದ ಎಂಜಿನನ್ನು ಎಳೆದಾಡಲಿಲ್ಲ. ಪ್ಲಗ್ ಬಿಚ್ಚಿ, ತೂತುಗಳಿಗೆ ಚಿಮಿಣಿ ಎಣ್ಣೆ ಬಿಟ್ಟು, ವಾರಗಟ್ಟಲೆ ಕಾದು, ಕೈಯಿಂದಲೇ ಅಷ್ಟಷ್ಟೇ ತಿರುಗಿಸಿ ಬಿಡಿಸಿದರು. ಬಾಗಿಲಿನ ತಿರುಗಣೆ, ಬ್ರಾಕೆಟ್‌ಗಳಂಥ ಸಣ್ಣ ಭಾಗಗಳನ್ನು ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ವಾಷಿಂಗ್ ಸೋಡದ ನೀರಿಗೆ ಇಳಿಸಿ, ಬ್ಯಾಟರಿ ಚಾರ್ಜರ್ ಕೊಟ್ಟು ತುಕ್ಕು ಬಿಡಿಸಿದರು. ಹೀಗೆ ಮಾಡಿದರೆ ಒಳ್ಳೆಯ ಲೋಹ ಒಂದಿಷ್ಟೂ ಸವೆಯುವುದಿಲ್ಲ. ಚಾರ್ಜರಿನ ಇನ್ನೊಂದು ತಂತಿಗೆ ಕಟ್ಟಿ ಎದುರು ಕಡೆ ಇಳಿಬಿಡುವುದಕ್ಕೆ ಮಾತ್ರ ಸ್ಟೀಲ್ ಪಾತ್ರೆಯ ತುಂಡು ಬಳಸಬಾರದು, ಅದರಿಂದ ವಿಷದ ಕ್ರೋಮಿಯಂ ನೀರಿಗಿಳಿಯುತ್ತದೆ. ಮಾಮೂಲಿ ಕಬ್ಬಿಣದ ಸರಳು ಸಾಕು. ಗಾಳಿಯಾಡುವ ಜಾಗವೂ ಬೇಕು, ಏಕೆಂದರೆ ಏಳುವ ಗುಳ್ಳೆಗಳಲ್ಲಿ ಹೈಡ್ರೋಜನ್ ಇರುತ್ತದೆ.

ನನಗೆ ಅತ್ಯಂತ ಹಿಡಿಸಿದ್ದು ಅವರು ಮಾಡದೆ ಬಿಟ್ಟ ಕೆಲಸ. ಬಾಗಿಲ ಕಂಬವನ್ನು ವಾಟರ್ ಪೇಪರಿನಿಂದ ಉಜ್ಜುವಾಗ ಬಿಳಿಯ ಕೆಳಗೆ ನೀಲಿ, ನೀಲಿಯ ಕೆಳಗೆ ಮಾಸಿದ ತಿಳಿಹಸಿರು ಬಂತು. ಕಂಪೆನಿಯಿಂದ ಬಂದ ಬಣ್ಣ ಆ ಹಸಿರು. ಅವರು ಅಲ್ಲಿಗೇ ನಿಲ್ಲಿಸಿ, ಅಂಗೈ ಅಗಲದಷ್ಟನ್ನು ಹಾಗೇ ಉಳಿಸಿ, ಉಳಿದದ್ದಕ್ಕೆ ಅದೇ ಹಸಿರನ್ನು ಹೊಂದಿಸಿ ಹೊಡೆಸಿದರು. ಕೆಎಲ್‌ಸಿ ಎಂದು ಬರೆದ ಹಳೆ ನಂಬರ್ ಪ್ಲೇಟನ್ನೂ ಕಿತ್ತೆಸೆಯಲಿಲ್ಲ. ಕೆಎಲ್‌ಸಿ ಎಂದರೆ ಕಣ್ಣೂರು. 1984ರಲ್ಲಿ ಕಾಸರಗೋಡು ಪ್ರತ್ಯೇಕ ಜಿಲ್ಲೆಯಾಗುವ ಮೊದಲು ನಾವು ಯಾವ ಜಿಲ್ಲೆಯವರಾಗಿದ್ದೆವು ಎಂಬುದು ಆ ಮೂರು ಅಕ್ಷರಗಳಲ್ಲಿದೆ.

ಇದಕ್ಕೆ ವಿರುದ್ಧವಾದ ಚಾಳಿಯೊಂದು ಹೆಚ್ಚುತ್ತಿದೆ. ಹಳೆ ಬಾಡಿಗೆ ಹೊಸ ಕಾರಿನ ಎಂಜಿನ್, ಅಲಾಯ್ ಚಕ್ರ, ಎಲ್ಇಡಿ ದೀಪ, ಎಸಿ. ಓಡಿಸಲು ಸುಖ ಎಂಬುದು ನಿಜ. ಆದರೆ ಅದನ್ನು ಮರುಜೀವ ಎನ್ನಲು ನನಗೆ ಮನಸ್ಸಿಲ್ಲ. ಕಾನೂನೂ ಹಾಗೆಯೇ ಹೇಳುತ್ತದೆ. ಕೇಂದ್ರ ಸರಕಾರ 2021ರಲ್ಲಿ ತಂದ ನಿಯಮದ ಪ್ರಕಾರ 50 ವರ್ಷ ದಾಟಿದ, ಚಾಸಿ, ಬಾಡಿ, ಎಂಜಿನ್ ಮೂಲರೂಪದಲ್ಲಿ ಉಳಿದ ವಾಹನ ಮಾತ್ರ ವಿಂಟೇಜ್. ಅದಕ್ಕೆ 'ವಿಎ' ಅಕ್ಷರಗಳಿರುವ ಪ್ರತ್ಯೇಕ ನಂಬರ್ ಸಿಗುತ್ತದೆ, ನೋಂದಣಿ ಶುಲ್ಕ 20,000 ರೂಪಾಯಿ. ದಿನಬಳಕೆಗೆ ಅಂಥ ಕಾರನ್ನು ರಸ್ತೆಗಿಳಿಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ಪೆಟ್ರೋಲು, ದುರಸ್ತಿ ಇಂಥವಕ್ಕೆ ಮಾತ್ರ. ಮೂಲರೂಪ ಕಳೆದುಕೊಂಡ ಕಾರಿಗೆ ಆ ಬಾಗಿಲು ಮುಚ್ಚಿದಂತೆಯೇ. ಆದರೂ ಒಂದು ಬದಲಾವಣೆಯನ್ನು ನಾನು ಒಪ್ಪುತ್ತೇನೆ. ಈಗಿನ ಪೆಟ್ರೋಲಿನಲ್ಲಿ ಶೇಕಡಾ 20ರಷ್ಟು ಎಥನಾಲ್ ಇದೆ. ಹಳೆ ರಬ್ಬರ್ ಪೈಪು, ಪಂಪಿನ ಡಯಾಫ್ರಂ ಅದನ್ನು ತಾಳಲಾರವು. ಅವನ್ನು ಹೊಸ ರಬ್ಬರಿಗೆ ಬದಲಿಸದೆ ಓಡಿಸುವುದು ಬೆಂಕಿಯ ಜೊತೆಗಿನ ಆಟ.

ಧರ್ಮಸ್ಥಳದಲ್ಲಿ ಡಾ. ಡಿ. ವೀರೇಂದ್ರ ಹೆಗ್ಗಡೆಯವರು ಕೂಡಿಟ್ಟ ಕಾರುಗಳನ್ನು ನೋಡಿ ಬಂದವರು ತಮ್ಮ ಕೊಟ್ಟಿಗೆಯ ಫಿಯೆಟ್ಟೂ ಹಾಗೇ ಹೊಳೆಯಬೇಕೆಂದು ಆಸೆಪಡುತ್ತಾರೆ. ಆಸೆ ತಪ್ಪಲ್ಲ, ಅಳತೆಗೋಲು ತಪ್ಪು. ಮ್ಯೂಸಿಯಂಗೆ ಮಾಡು ಇದೆ, ಆಳುಗಳಿದ್ದಾರೆ. ಮನೆಯ ಕಾರು ಮಳೆಯ ಸೀಮೆಯಲ್ಲೇ ಬದುಕಬೇಕು. ಅದರ ಮಾರ್ಕು ಬಾನೆಟ್ ಮೇಲಿಲ್ಲ, ನೆಲದ ತಗಡಿನಲ್ಲಿದೆ.

ನಿಮ್ಮ ಮನೆಯಲ್ಲೂ ಅಂಥದ್ದೊಂದು ನಿಂತಿದ್ದರೆ ಗುಜರಿಯವನಿಗೆ ಮಾತು ಕೊಡಬೇಡಿ. ಕಪಾಟಿನಲ್ಲಿ ಅಜ್ಜನ ಆರ್‌ಸಿ ಪುಸ್ತಕ ಹುಡುಕಿ ಜೋಪಾನ ಮಾಡಿ. ಮಳೆ ಹಿಡಿಯುವ ಮೊದಲು ಕಾರನ್ನು ನಾಲ್ಕು ದಿಮ್ಮಿಗಳ ಮೇಲೆ ಎತ್ತಿ ಕೂರಿಸಿ, ಒಂದು ತೆಳು ತಂತಿ ತೆಗೆದುಕೊಂಡು ಬಾಗಿಲುಗಳ ತಳದ ತೂತುಗಳನ್ನು ಬಿಡಿಸಿ. ಬಣ್ಣದ ಮಾತು ಆಮೇಲೆ.