ಜಿ7ರ ಒಂಟೆ ಅಲ್ಲೇಕೆ ಕೂತಿದೆ?

ಬಿಳಿ ಕಾಯಿಯ ಹುಡುಗ ಪ್ಯಾದೆಗಳನ್ನು ನುಗ್ಗಿಸಿ ನಡುಮನೆಗಳನ್ನೆಲ್ಲ ಹಿಡಿಯುತ್ತಿದ್ದರೂ ಕಪ್ಪಿನ ಹುಡುಗಿ ಅವಸರಪಡಲಿಲ್ಲ. ಕುದುರೆ ಎಫ್6ಕ್ಕೆ, ಪ್ಯಾದೆ ಜಿ6ಕ್ಕೆ, ಒಂಟೆ ಜಿ7ಕ್ಕೆ ಬಂದವು. ರಾಜ ಕ್ಯಾಸ್ಲಿಂಗ್ ಆಗಿ ಮೂಲೆ ಸೇರಿದ. ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಎಂದು ಮಕ್ಕಳ ಪಂದ್ಯ ನೋಡಲು ತಿರುಗುವ ನನಗೆ ಈ ಕಿಂಗ್ಸ್ ಇಂಡಿಯನ್ ಡಿಫೆನ್ಸ್ ಈಗ ಪರಿಚಿತ ನೋಟ. ಮೊಬೈಲಿನಲ್ಲಿ ನೋಡಿ ಕಲಿತ ಏಳೆಂಟು ನಡೆ ಸರಾಗ. ಎದುರಾಳಿ ದಾರಿ ಬದಲಿಸಿದರೆ ಮಾತ್ರ ಕೈ ನಿಂತುಬಿಡುತ್ತದೆ.

ಅಂದೂ ಹಾಗೇ ಆಯಿತು. ಇ5ರಲ್ಲಿ ಪ್ಯಾದೆಗಳು ಹೊಡೆದಾಡಿದವು, ಮಂತ್ರಿಗಳಿಬ್ಬರೂ ಹೋದರು, ಬಿಳಿಯ ಕುದುರೆ ಇ5ರ ಪ್ಯಾದೆಯನ್ನೂ ತಿಂದಿತು. ಪ್ಯಾದೆ ಪುಕ್ಕಟೆ ಹೋಯಿತೆಂದು ಹುಡುಗಿ ಕುಗ್ಗಿದಳು. ಆದರೆ ಎಫ್6ರ ಕುದುರೆ ಇ4ರ ಪ್ಯಾದೆಯನ್ನು ಹೊಡೆದರೆ, ಅದರ ಬೆನ್ನ ಹಿಂದಿದ್ದ ಒಂಟೆಯ ದಾರಿ ತೆರೆಯುತ್ತದೆ. ಬಿಳಿ ಆ ಕುದುರೆಯನ್ನು ಹೊಡೆದರೆ ಒಂಟೆ ಇ5ರ ಕುದುರೆಯನ್ನು ಹೊಡೆಯುತ್ತದೆ. ಲೆಕ್ಕ ಸರಿಸಮ! ಒಂಟೆ ಜಿ7ರಲ್ಲಿ ಕಾದು ಕೂತದ್ದೇ ಇದಕ್ಕೆ. ನಡೆ ಬಾಯಿಪಾಠವಾಗಿತ್ತು, ಕಾರಣ ಯಾರೂ ಹೇಳಿಕೊಟ್ಟಿರಲಿಲ್ಲ.

ಈ ಡಿಫೆನ್ಸ್ ನಮಗೆ ಪರಕೀಯವೂ ಅಲ್ಲ. ನಮ್ಮ ಹಳೆಯ ಚದುರಂಗದಲ್ಲಿ ಪ್ಯಾದೆಗೆ ಮೊದಲ ಸಲವೂ ಒಂದೇ ಮನೆ. ಕ್ಯಾಸ್ಲಿಂಗ್ ಇಲ್ಲ, ರಾಜನಿಗೆ ಒಮ್ಮೆ ಕುದುರೆ ಜಿಗಿತ. ಹಾಗಾಗಿ ನಿಧಾನವಾಗಿ ಬದಿಯಿಂದ ಕಾಯಿ ಕಟ್ಟುವುದು ರೂಢಿ. 19ನೇ ಶತಮಾನದ ನಡುವೆ ಕೋಲ್ಕತ್ತದಲ್ಲಿ ಮಹೇಶಚಂದ್ರ ಬ್ಯಾನರ್ಜಿ, ಜಾನ್ ಕಾಕ್ರನ್ ಎದುರು ಹೀಗೇ ಆಡುತ್ತಿದ್ದರು. ಇಂಥ ಆಟಗಳಿಂದಲೇ ‘ಇಂಡಿಯನ್’ ಎಂಬ ಹೆಸರು ಬಂತು.

ದೋಷವಿಲ್ಲದ ಡಿಫೆನ್ಸ್ ಇದಲ್ಲ. ನಡುಮನೆ ಬಿಟ್ಟುಕೊಟ್ಟವನಿಗೆ ಕಾಯಿ ಆಡಿಸಲು ಜಾಗ ಕಡಿಮೆ. ಫಿಶರ್, ಕಾಸ್ಪರೋವ್ ಇದನ್ನು ಮೆರೆಸಿದರೂ, 1990ರ ದಶಕದಲ್ಲಿ ಕ್ರಾಮ್ನಿಕ್ ಬಿ4 ಪ್ಯಾದೆ ನೂಕಿ ಕಪ್ಪನ್ನು ಕಾಡಿದರು. ಮಂತ್ರಿಯ ಬದಿಯಲ್ಲಿ ಬಿಳಿ, ರಾಜನ ಬದಿಯಲ್ಲಿ ಕಪ್ಪು, ಇಬ್ಬರೂ ಓಡುವ ಆಟದಲ್ಲಿ ಒಂದು ನಡೆ ತಡವಾದರೂ ಸೋಲು. ಆದರೂ ಮಕ್ಕಳಿಗೆ ಇದೇ ಬೇಕೆನ್ನುತ್ತೇನೆ. ಸುಮ್ಮನೆ ಡ್ರಾಕ್ಕೆ ಕೂರದೆ, ಇಕ್ಕಟ್ಟಿನಲ್ಲಿ ಕಾದು ಸಮಯ ನೋಡಿ ತಿರುಗಿ ಬೀಳುವುದನ್ನು ಇಷ್ಟು ಚೆನ್ನಾಗಿ ಕಲಿಸುವ ಡಿಫೆನ್ಸ್ ನಾನು ಕಂಡಿಲ್ಲ.

ಕಲಿಸುವವರಲ್ಲಿ ಒಂದೇ ವಿನಂತಿ: ಒಂಬತ್ತನೇ ನಡೆ ಹೇಳಿಕೊಡುವ ಮೊದಲು, ಜಿ7ರ ಒಂಟೆ ಅಲ್ಲೇಕೆ ಕೂತಿದೆ ಎಂದು ಮಗುವನ್ನೇ ಕೇಳಿ.